ರಿಕ್ಟರ್ ಯಾರು?

ಕೇರಳದ ಗಡಿಗೆ ತಾಗಿಕೊಂಡಿರುವ ಕುಟ್ಟದಲ್ಲಿ ಕೊಡವ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕುಳಿತು ಹಳೆಯ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಗ್ರಂಥವನ್ನು ತಿರುವುತ್ತಿದ್ದಾಗ ಅವರ ಮಗ ಬಂದು ಕರ್ತೃವಿನ ಹೆಸರನ್ನೋದಿ, “ಭೂಕಂಪ ಅಳೆಯುವ ರಿಕ್ಟರ್ ಇವರೇ ಏನು, ಮಾವ?” ಎಂದ. 2022ರ ಜೂನ್ ತಿಂಗಳಲ್ಲಿ ಚೆಂಬು, ಸಂಪಾಜೆಗಳ ಕಡೆ ನೆಲ ನಡುಗಿದಾಗ ಆ ಹೆಸರು ಕೊಡಗಿನ ಮನೆಮನೆಯ ಮಾತಾಗಿತ್ತಷ್ಟೆ.

ಹುಡುಗನ ತಪ್ಪಿಲ್ಲ. ಕೊಡವರಲ್ಲಿ ಒಂದೇ ಒಕ್ಕದವರೆಂದರೆ ಒಬ್ಬನೇ ಕಾರೋಣನ ಸಂತತಿ. ಅವರೊಳಗೆ ಮದುವೆಯೂ ಸಲ್ಲದು. ಜರ್ಮನರ ‘ರಿಕ್ಟರ್’ ಹಾಗಲ್ಲ. ಅದರ ಅರ್ಥ ನ್ಯಾಯಾಧೀಶ. ಎಲ್ಲೆಲ್ಲಿಯೋ ತೀರ್ಪು ಹೇಳುತ್ತಿದ್ದವರ ಉದ್ಯೋಗವೇ, ನಮ್ಮಲ್ಲಿ ಪಟೇಲ, ಶಾನುಭೋಗ ಎಂಬಂತೆ, ಸಂಬಂಧವೇ ಇಲ್ಲದ ಎಷ್ಟೋ ಮನೆತನಗಳಿಗೆ ಅಂಟಿಕೊಂಡಿತು.

ಗ್ರಂಥಕರ್ತರಾದ ಜಿ. ರಿಕ್ಟರ್ ಬಾಸೆಲ್ ಮಿಷನ್ನಿನ ಪಾದ್ರಿಗಳು. ಮಡಿಕೇರಿಯ ಸರಕಾರಿ ಶಾಲೆಯ ಮುಖ್ಯಸ್ಥರು. ಅವರ ಪುಸ್ತಕ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಭೂಕಂಪದ ಚಾರ್ಲ್ಸ್ ರಿಕ್ಟರ್ ಹುಟ್ಟಿದ್ದು 1900ರಲ್ಲಿ, ಅಮೆರಿಕದ ಓಹಾಯೋದಲ್ಲಿ. ಅವರಿಗೆ ಆ ಹೆಸರು ಬಂದದ್ದಾದರೂ ತಂದೆಯಿಂದಲ್ಲ, ತಾಯಿಯ ತವರಿನಿಂದ! 1935ರಲ್ಲಿ ಅವರು ಪ್ರಕಟಿಸಿದ ಮಾಪಕವು ಅನೇಕರು ತಿಳಿದಂತೆ ಯಂತ್ರವಲ್ಲ, ಒಂದು ಲೆಕ್ಕ. ಅಂಕಿ ಒಂದು ಏರಿದರೆ ಯಂತ್ರ ಬರೆಯುವ ಅಲೆಯ ಎತ್ತರ ಹತ್ತುಪಟ್ಟಾಗುತ್ತದೆ. ಹೊರಬೀಳುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟು.

“ಒಬ್ಬರೇ ಮಾಡಿದರೇ?” ಎಂದ ಹುಡುಗ.

“ಇಲ್ಲಪ್ಪ, ಗುಟೆನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿಯ ನೆರವಿತ್ತು.”

“ಗೊತ್ತು, ಅಚ್ಚಿನ ಮೊಳೆ ಮಾಡಿದವರು!”

ಮತ್ತೆ ಮೊದಲಿನಿಂದ ಹೇಳಬೇಕಾಯಿತು.