ಕಲ್ಪವೃಕ್ಷ ಬಾಡಿದ ಬಳಿಕದ ಅಡುಗೆಮನೆ

ಭೋಗಭೂಮಿಯ ಕೊನೆಗಾಲದ ಕಥೆಯನ್ನು ಜೈನ ಪುರಾಣಗಳು ವಿಸ್ತಾರವಾಗಿ ಹೇಳುತ್ತವೆ. ಆ ಕಾಲದ ಜನರಿಗೆ ದುಡಿಮೆಯ ಅಗತ್ಯವಿರಲಿಲ್ಲ. ಭೋಜನಾಂಗವೆಂಬ ಕಲ್ಪವೃಕ್ಷ ಆಹಾರವನ್ನೂ ಪಾನಾಂಗವೆಂಬ ಕಲ್ಪವೃಕ್ಷ ಪಾನೀಯವನ್ನೂ ಬೇಡಿದೊಡನೆ ನೀಡುತ್ತಿದ್ದವು. ಕಾಲ ಕಳೆದಂತೆ ಆ ವೃಕ್ಷಗಳು ಬಾಡಿದವು. ಹಸಿದ ಪ್ರಜೆಗಳು ವೃಷಭದೇವನ ಬಳಿಗೆ ಬಂದು ಮೊರೆಯಿಟ್ಟರು. ಆತ ಅವರಿಗೆ ಮತ್ತೊಂದು ಕಲ್ಪವೃಕ್ಷವನ್ನು ತಂದುಕೊಡಲಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಕಲಿಸಿದ. ಕಬ್ಬಿನಿಂದ ರಸ ತೆಗೆದು ಕುಡಿಯುವುದನ್ನು ತಿಳಿಸಿದ. ಆದ್ದರಿಂದಲೇ ಆತನಿಗೆ ಇಕ್ಷ್ವಾಕು ಎಂಬ ಹೆಸರು ಬಂತೆಂದು ಪುರಾಣವು ಹೇಳುತ್ತದೆ. ಕರ್ಮಭೂಮಿ ಆರಂಭವಾದದ್ದು ಹೀಗೆ, ಮನುಷ್ಯನು ತನ್ನ ಅನ್ನವನ್ನು ತನ್ನ ಕೈಯಿಂದ ಮಾಡಿಕೊಳ್ಳಲು ಕಲಿತಾಗ.

ಇಂದಿನ ಅಂಗಡಿಯ ಕಪಾಟನ್ನು ನೋಡಿದರೆ ಕಲ್ಪವೃಕ್ಷ ಮರಳಿ ಚಿಗುರಿದಂತೆ ತೋರುತ್ತದೆ. ಕೈ ಚಾಚಿದರೆ ಬಿಸ್ಕತ್ತು, ಕೈ ಚಾಚಿದರೆ ಬಣ್ಣದ ಪಾನೀಯ. ಆದರೆ ಈ ವೃಕ್ಷವು ಕೊಡುವುದಕ್ಕಿಂತ ಹೆಚ್ಚನ್ನು ಪಡೆಯುತ್ತದೆ. 300 ಮಿಲಿಲೀಟರಿನ ಒಂದು ಬಾಟಲಿ ಕೋಲಾ ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ದಿನವೊಂದಕ್ಕೆ ಆಹಾರಕ್ಕೆ ಬೆರೆಸುವ ಸಕ್ಕರೆ ಸುಮಾರು 25 ಗ್ರಾಮಿನೊಳಗಿದ್ದರೆ ಮತ್ತಷ್ಟು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ತಿಳಿಸಿತು. ಅಷ್ಟಮಿ, ಚತುರ್ದಶಿಗಳಂದು ಭಕ್ತಿಯಿಂದ ಉಪವಾಸ ಮಾಡಿ, ಮರುದಿನ ಪಾರಣೆಯ ಹೊತ್ತಿಗೆ ಅಂಗಡಿಯ ಸಿಹಿಪಾನೀಯದ ಬಾಟಲಿಯನ್ನು ತೆರೆಯುವ ಮನೆಗಳು ಇಂದು ಅಪರೂಪವಲ್ಲ. ಒಂದು ದಿನ ಕಟ್ಟಿಹಾಕಿದ ನಾಲಿಗೆಯನ್ನು ಮರುದಿನ ಹೀಗೆ ಬಿಟ್ಟುಬಿಡುವುದಾದರೆ ಆ ಉಪವಾಸದಿಂದ ಆತ್ಮಕ್ಕಾದ ಲಾಭವೇನು ಎಂಬುದನ್ನು ಶ್ರಾವಕನು ತನಗೆ ತಾನೇ ಕೇಳಿಕೊಳ್ಳಬೇಕು.

ಜಿನಧರ್ಮವು ಸಿಹಿಯನ್ನು ಪಾಪವೆಂದು ಕರೆದಿಲ್ಲ. ದೀಕ್ಷೆಯ ಬಳಿಕ ದೀರ್ಘಕಾಲ ನಿರಾಹಾರಿಯಾಗಿದ್ದ ಆದಿತೀರ್ಥಂಕರನಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ನೀಡಿದ್ದು ಕಬ್ಬಿನ ರಸವನ್ನೇ. ಅಕ್ಷಯ ತೃತೀಯೆಯಂದು ಲೋಕವು ಸ್ಮರಿಸುವುದು ಆ ಮೊದಲ ಆಹಾರದಾನವನ್ನು. ಆದರೆ ಆ ರಸವು ಆಗತಾನೇ ತೆಗೆದದ್ದಾಗಿತ್ತು, ಅಂಜಲಿಯಲ್ಲಿ ಹಿಡಿಯುವಷ್ಟಾಗಿತ್ತು, ತಪಸ್ಸನ್ನು ಮುಂದುವರಿಸುವುದಕ್ಕಾಗಿತ್ತು. ಸಿಹಿಗೆ ಈ ಮೂರು ಮೇರೆಗಳಿದ್ದಾಗ ಅದು ಆಹಾರ. ಮೇರೆ ತಪ್ಪಿದಾಗ ಅದು ಬಂಧನ. ತತ್ತ್ವಾರ್ಥಸೂತ್ರವು ಆರು ಬಾಹ್ಯ ತಪಸ್ಸುಗಳಲ್ಲಿ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನೂ ರಸಪರಿತ್ಯಾಗವನ್ನೂ ಹೇಳುತ್ತದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದೇ ರಸಪರಿತ್ಯಾಗ. ಗೃಹಸ್ಥನಿಗೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಭೋಗೋಪಭೋಗ ಪರಿಮಾಣವ್ರತವೂ ಇದೇ ದಾರಿಯದು. ತನಗೆ ಎಷ್ಟು ಸಾಕೆಂಬುದನ್ನು ತಾನೇ ಮೊದಲು ನಿಶ್ಚಯಿಸಿ, ಅದರೊಳಗೆ ಬದುಕುವುದು ಆ ವ್ರತದ ತಿರುಳು.

ಮಿತವೆಂಬುದು ಚಿತ್ರದುರ್ಗದ ನೆಲಕ್ಕೆ ಹೊಸ ಪಾಠವೇನೂ ಅಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ 89 ವರ್ಷ ಈ ಸೀಮೆಯ ಜನ ಇದ್ದ ನೀರನ್ನೇ ಅಳೆದು ಬಳಸಿ ಬಾಳಿದರು. ದುರ್ಗದ ಕೋಟೆಯೊಳಗೆ ಬಂಡೆಯ ಮೇಲೆ ಬಿದ್ದ ಮಳೆಯನ್ನು ಒಂದು ಹೊಂಡ ತುಂಬಿದ ಮೇಲೆ ಮತ್ತೊಂದಕ್ಕೆ ಇಳಿಸಿ ಕಾಯ್ದಿಟ್ಟರು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂದ ಜಲಕ್ಕೇ ಮರಳಿಸುವ ಆಚಾರವನ್ನು ಬೋಧಿಸಿದ ಧರ್ಮವು ನೀರಿನ ಬೆಲೆ ಬಲ್ಲ ಇಂಥ ನಾಡಿನಲ್ಲಿ ಬೇರೂರಿದ್ದು ಸಹಜವೇ ಆಗಿದೆ.

ಈ ನೆಲ ಬೆಳೆಯುವ ಧಾನ್ಯಗಳೂ ಮಿತಾಹಾರಕ್ಕೆ ಒದಗುವಂಥವು. ಹೊಸದುರ್ಗದ ಸಾಮೆ, ನವಣೆ, ಎಲ್ಲೆಡೆಯ ರಾಗಿ, ಹೊಳಲ್ಕೆರೆಯ ತೋಟಗಳ ತೆಂಗು, ಹೊಲದಂಚಿನ ಹುಚ್ಚೆಳ್ಳು ಇವು ಮನೆಯ ಬಾಗಿಲಲ್ಲಿಯೇ ದೊರೆಯುತ್ತವೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣದ ಅಂಶವಿದೆ. ಒಂದು ಲೋಟ ನೀರಿಗೆ ಎರಡು ಚಮಚ ರಾಗಿಹಿಟ್ಟು ಕದಡಿ, ಗಂಟಾಗದಂತೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಜೀರಿಗೆಪುಡಿ ಬೆರೆಸಿದರೆ ಸಕ್ಕರೆಯ ಹಂಗಿಲ್ಲದ ಗಂಜಿ ಸಿದ್ಧವಾಗುತ್ತದೆ. ನಾಲ್ಕು ಪಾಲು ಕೊತ್ತಂಬರಿ ಬೀಜಕ್ಕೆ ಒಂದು ಪಾಲು ಜೀರಿಗೆ, ಚೂರು ಒಣಶುಂಠಿ ಹುರಿದು ಪುಡಿಮಾಡಿದರೆ ಕಷಾಯಕ್ಕೆ ಒದಗುತ್ತದೆ. ನಿಂಬೆಹಣ್ಣಿನ ಪಾನಕಕ್ಕೆ ಉಪ್ಪು, ಏಲಕ್ಕಿ ಸಾಕು. ಜೇನು ಶ್ರಾವಕನಿಗೆ ಮೊದಲೇ ವರ್ಜ್ಯ. ಬೆಲ್ಲವೂ ಸಕ್ಕರೆಯ ಬಳಗದ್ದೇ ಎಂಬುದನ್ನು ಮರೆಯಬಾರದು. ಬೆಲ್ಲವೆಂದ ಮಾತ್ರಕ್ಕೆ ಮಧುಮೇಹಿಗೆ ಅದು ಹಿತವಾಗುವುದಿಲ್ಲ. ಔಷಧ ಸೇವಿಸುವವರು ಉಪವಾಸಕ್ಕೂ ಪಥ್ಯಕ್ಕೂ ಮುನ್ನ ವೈದ್ಯರನ್ನು ಕೇಳುವುದು ದೇಹದ ವಿಷಯದಲ್ಲಿ ತೋರಬೇಕಾದ ಅಹಿಂಸೆಯೇ ಸರಿ.

ಮನೆಯಲ್ಲಿಯೇ ಮಾಡಿ ಉಣ್ಣಬೇಕೆಂಬ ಹಿರಿಯರ ಆಗ್ರಹಕ್ಕೆ ಇನ್ನೂ ಆಳವಾದ ಕಾರಣವಿದೆ. ಗೃಹಸ್ಥನ ಹಿಂಸೆಗಳಲ್ಲಿ ಆರಂಭಿ ಹಿಂಸೆಯೂ ಒಂದು. ಒಲೆ, ಬೀಸುಕಲ್ಲು, ಒನಕೆ, ಪೊರಕೆ, ನೀರಿನ ಕೊಡ ಇವುಗಳನ್ನು ಬಳಸುವಾಗ ಜೀವಹಾನಿ ಸಂಪೂರ್ಣವಾಗಿ ತಪ್ಪದು. ಎಚ್ಚರದಿಂದ ಅದನ್ನು ತಗ್ಗಿಸಬಹುದು. ಧಾನ್ಯವನ್ನು ಬಿಸಿಲಿನಲ್ಲಿ ಹರಡಿ ಹುಳು ಆರಿಸುವ ಕಣ್ಣು, ನೀರನ್ನು ಗಾಳಿಸುವ ಕೈ, ಸೂರ್ಯಾಸ್ತಕ್ಕೆ ಮುನ್ನ ಒಲೆಯನ್ನು ಆರಿಸುವ ನಿಯಮ ಇವೆಲ್ಲವೂ ಮನೆಯಲ್ಲಿ ಸಾಧ್ಯ. ಎಲ್ಲಿಯೋ ತಯಾರಾಗಿ, ಎಂದೋ ಮುಚ್ಚಿದ ಪೊಟ್ಟಣದ ಹಿಂದೆ ಯಾವ ಎಚ್ಚರವಿತ್ತೆಂದು ಕೊಂಡವನು ಕಾಣಲಾರ. ದಿಗಂಬರ ಪರಂಪರೆಯು ಹಿಟ್ಟಿಗೆ ವಿಧಿಸಿದ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಗಾಳಿಸಿದ ನೀರಿಗೆ 48 ನಿಮಿಷದ ಒಂದು ಮುಹೂರ್ತ. ಈ ಲೆಕ್ಕವನ್ನು ಪಾಲಿಸುವವನು ಸ್ವಲ್ಪ ಸ್ವಲ್ಪವೇ ಬೀಸಿಕೊಳ್ಳುತ್ತಾನೆ, ಬೇಕಾದಷ್ಟನ್ನೇ ಮಾಡಿಕೊಳ್ಳುತ್ತಾನೆ. ಕೂಡಿಡುವ ಆಸೆಗೆ ಅಲ್ಲಿ ಜಾಗವಿಲ್ಲ. ಅಹಿಂಸೆಯ ನಿಯಮವೇ ಅಪರಿಗ್ರಹದ ಅಭ್ಯಾಸವೂ ಆಗುವುದು ಹೀಗೆ. ರಾತ್ರಿಯೆಲ್ಲ ಹುಳಿಬಂದ ಅಂಬಲಿಯನ್ನು ಬಿಟ್ಟು ಆಗ ಕಾಯಿಸಿದ ಗಂಜಿಯನ್ನೇ ವ್ರತಿಗಳು ಆರಿಸಿಕೊಳ್ಳುವುದಕ್ಕೂ, ಮೊಸರು ಮಜ್ಜಿಗೆಗಳಿಗೆ ಬೇಳೆಕಾಳಿನ ಹಿಟ್ಟು ಬೆರೆಸದಿರುವುದಕ್ಕೂ ಈ ಎಚ್ಚರವೇ ಮೂಲ.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಮನೆಯಲ್ಲಿಯೇ ಎಲ್ಲವನ್ನೂ ಮಾಡಬೇಕೆಂದರೆ ಮಾಡುವವರು ಯಾರು? ದುರ್ಗವು ಓಬವ್ವಳ ಒನಕೆಯನ್ನು ಹೆಮ್ಮೆಯಿಂದ ನೆನೆಯುತ್ತದೆ. ಗಂಡ ಊಟಕ್ಕೆ ಕುಳಿತಾಗ ಆಕೆ ನೀರು ತರಲು ಹೊರಟಿದ್ದಳೆಂದು ಕಥೆ ಹೇಳುತ್ತದೆ. ಆ ಒಂದು ದಿನಕ್ಕೆ ಮುನ್ನ ಆ ಒನಕೆ ನಿತ್ಯವೂ ಮಾಡುತ್ತಿದ್ದ ಕೆಲಸವನ್ನು ನೆನೆಯುವವರು ಮಾತ್ರ ಕಡಿಮೆ. ಮನೆಯೂಟದ ಮಹಿಮೆಯನ್ನು ಪುರುಷರು ಹೊಗಳಿ, ಅದರ ಭಾರವನ್ನು ಹೆಂಗಸರು ಹೊರುವುದಾದರೆ ಅದು ಧರ್ಮವೆನಿಸದು. ಕರ್ಮವು ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ಅಂಟುತ್ತದೆಂದು ಶಾಸ್ತ್ರ ಹೇಳುತ್ತದೆ. ಮಾಡಿದವನಿಗಷ್ಟೇ ಅಲ್ಲದೆ ಮಾಡಿಸಿದವನಿಗೂ ಒಪ್ಪಿದವನಿಗೂ ಅದರ ಪಾಲಿದೆ. ತನ್ನ ನಾಲಿಗೆಯ ವ್ರತಕ್ಕಾಗಿ ಮನೆಯಾಕೆಯ ಬೆನ್ನು ನೋಯಿಸುವವನು ಆ ನೋವಿಗೂ ಭಾಗಿ. ಉಣ್ಣುವವರೆಲ್ಲರೂ ಕೈಜೋಡಿಸಿದಾಗ, ಮಾಡುವ ಬಗೆಗಳು ಕಡಿಮೆಯಾದಾಗ, ಮನೆಯ ಅಡುಗೆ ಹಗುರವಾಗುತ್ತದೆ. ಒಂದು ಗಂಜಿ, ಒಂದು ಪಲ್ಯ, ಒಂದು ಲೋಟ ಮಜ್ಜಿಗೆ ಸಾಕೆನ್ನುವುದನ್ನು ಮೊದಲು ಉಣ್ಣುವವನು ಕಲಿಯಬೇಕು. ಮನೆಯಲ್ಲಿಯೇ ಹತ್ತು ಬಗೆಯ ಸಿಹಿ ಮಾಡಿ ಡಬ್ಬಗಳನ್ನು ತುಂಬುವುದು ಅಂಗಡಿಯನ್ನು ಮನೆಗೆ ತಂದಂತೆಯೇ ಸರಿ.

ಆರಂಭಕ್ಕೆ ದೊಡ್ಡ ವ್ರತ ಬೇಡ. ನಾಲ್ವರ ಮನೆಯಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಎರಡು ಬಾರಿ ಚಹ ಕುಡಿದು, ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡರೆ ದಿನಕ್ಕೆ 80 ಗ್ರಾಂ, ತಿಂಗಳಿಗೆ 2 ಕಿಲೋ 400 ಗ್ರಾಂ ಆಗುತ್ತದೆ. ಒಂದೊಂದು ಚಮಚ ಬಿಟ್ಟರೆ ವರ್ಷಕ್ಕೆ 14 ಕಿಲೋಗೂ ಮಿಕ್ಕಿ ಉಳಿತಾಯ. ಉಳಿದ ಹಣವನ್ನು ಮತ್ತೊಂದು ಭೋಗಕ್ಕೆ ಸುರಿದರೆ ಅದು ಬರಿಯ ಜಿಪುಣತನ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಒಂದಕ್ಕೆ ಅದನ್ನು ಸಲ್ಲಿಸಿದಾಗ ಬಿಟ್ಟ ಚಮಚವೂ ತ್ಯಾಗವೆನಿಸುತ್ತದೆ. ಬಸದಿಗಳ ಪೂಜೆ, ಉತ್ಸವಗಳಲ್ಲಿ ಪೊಟ್ಟಣದ ಸಿಹಿಯ ಬದಲು ಮಜ್ಜಿಗೆಯನ್ನೋ ಎಳನೀರನ್ನೋ ಹಂಚುವುದೂ ಕಷ್ಟವಲ್ಲ. ಮಕ್ಕಳು ಉಪದೇಶಕ್ಕಿಂತ ಬೇಗ ಕಲಿಯುವುದು ಅಂಥ ಪಂಕ್ತಿಯಲ್ಲಿ.

ಕಲ್ಪವೃಕ್ಷಗಳ ಕಾಲದಲ್ಲಿ ಸುಖವಿತ್ತು, ಆದರೆ ಮೋಕ್ಷಮಾರ್ಗವಿರಲಿಲ್ಲ. ಭೋಗಭೂಮಿಯಿಂದ ಯಾರೂ ಮುಕ್ತರಾಗಲಿಲ್ಲ. ಸಂಯಮ ಸಾಧ್ಯವಾದದ್ದು ಕರ್ಮಭೂಮಿಯಲ್ಲಿ. ಹಿರಿಯೂರಿನಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ಬೆಳಗಿನ ಹೊತ್ತು ನೀರು ಗಾಳಿಸಿ, ರಾಗಿ ಆರಿಸಿ, ಸಕ್ಕರೆಯ ಡಬ್ಬಿಯನ್ನು ಮುಟ್ಟದೆ ಗಂಜಿ ಕಾಯಿಸುವ ಕೈಗೆ ಆ ಭಾಗ್ಯ ದಿನವೂ ದೊರೆಯುತ್ತಿದೆ.