ಸೀಟು ಸಿಕ್ಕಿತು, ನೌಕರಿ?
ಆಳಂದ, ಅಫಜಲಪುರ, ಜೇವರ್ಗಿಯ ಹುಡುಗಿಯರು ಎಂಜಿನಿಯರಿಂಗ್ ಓದಲು ಕಲಬುರಗಿಗೆ ಬರುವುದು ಈಗ ಮೊದಲಿನಷ್ಟು ಕಷ್ಟವಲ್ಲ. 2013ರಲ್ಲಿ ಜಾರಿಗೆ ಬಂದ, ಈ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಸೀಟಿಗೆ ದಾರಿ ಮಾಡಿತು, 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಚಾರ್ಜು ಉಳಿಸುತ್ತಿದೆ. ಶರಣಬಸವ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೇ ಮೀಸಲಾದ ಎಂಜಿನಿಯರಿಂಗ್ ವಿಭಾಗವೂ ಇದೆ. ತೊಡಕು ಶುರುವಾಗುವುದು ಪದವಿ ಕೈಗೆ ಬಂದ ಮೇಲೆ. 371(ಜೆ) ಮೀಸಲಾತಿ ಸರ್ಕಾರಿ ನೌಕರಿಯಾಚೆ ಖಾಸಗಿ ಸಾಫ್ಟ್‌ವೇರ್ ಕಂಪನಿಯ ಬಾಗಿಲವರೆಗೆ ಹೋಗುವುದಿಲ್ಲ, ಆ ಕಂಪನಿಗಳೋ ಹೆಚ್ಚುಕಡಿಮೆ 600 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಮಗನಾದರೆ ಗೆಳೆಯರ ರೂಮಿನಲ್ಲಿದ್ದು ಕೆಲಸ ಹುಡುಕಲಿ ಎನ್ನುವ ಮನೆ, ಮಗಳ ವಿಷಯ ಬಂದಾಗ ಪಿ.ಜಿ. ಬಾಡಿಗೆಯ ಲೆಕ್ಕ ಹಾಕುತ್ತದೆ, ಆಮೇಲೆ ವರ ನೋಡುತ್ತದೆ. ಹಿಂದೆ ಅಡ್ಡಿ ಕಣ್ಣಿಗೆ ಕಾಣುತ್ತಿತ್ತು: 1974ರಲ್ಲಿ ಟಾಟಾ ಸಮೂಹದ ಟೆಲ್ಕೊ ಕಂಪನಿಯ ಜಾಹೀರಾತು ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಾಗ ಸುಧಾ ಕುಲಕರ್ಣಿ (ಇಂದಿನ ಸುಧಾ ಮೂರ್ತಿ) ನೇರವಾಗಿ ಸಮೂಹದ ಮುಖ್ಯಸ್ಥ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದು ನೌಕರಿ ಪಡೆದರು. ಈಗ ಯಾವ ಜಾಹೀರಾತೂ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಹೀಗಾಗಿ ಜೇವರ್ಗಿಯ ಹುಡುಗಿ ಯಾರಿಗೆ ಕಾರ್ಡು ಬರೆಯಬೇಕು? ಕಾನೂನಿನ ನೆರವು ನೋಡಿದರೆ, 26 ವಾರಗಳ ಹೆರಿಗೆ ರಜೆ ಒಳ್ಳೆಯ ಕಾನೂನೇ, ಆದರೆ ಅದು ಕೆಲಸಕ್ಕೆ ಸೇರಿದವಳಿಗೆ. ಹಾಗಾಗಿ ಕಂಪನಿಗಳು ಸಂದರ್ಶನಕ್ಕೆ ಕಲಬುರಗಿಗೇ ಬರಲಿ, ಆಯ್ಕೆಯಾದವರಿಗೆ ಮೊದಲ ಆರು ತಿಂಗಳು ಹಾಸ್ಟೆಲ್ ಕೊಡಲಿ, ಆಗುವುದಾದರೆ ಇಲ್ಲೇ ಒಂದು ಕಚೇರಿ ತೆರೆಯಲಿ. ಇದಕ್ಕೆ ಬೇಕಾದ ಜಾಗ, ರಿಯಾಯಿತಿ ಕೊಡುವುದು ಸರ್ಕಾರದ ಕೈಯಲ್ಲೇ ಇದೆ.