ಫ್ಯೂಸ್ ಹೋದರೆ ಬೈಯಬೇಡಿ

ಮಕ್ಕಳೇ, ನಮ್ಮ ತೇರದಾಳದ ಹಳೆಯ ಮನೆಗಳಲ್ಲಿ ಬಿಳಿ ಪಿಂಗಾಣಿ ಫ್ಯೂಸ್ ನೋಡಿದ್ದೀರಾ? ಅದರೊಳಗಿನ ತೆಳು ತಂತಿಯೇ ಕಾವಲುಗಾರ. ಕರೆಂಟ್ ಮಿತಿ ಮೀರಿದರೆ ತಾನು ಕರಗಿ ಮನೆ ಉಳಿಸುತ್ತದೆ.

ಲೆಕ್ಕ ಹಾಕಿ: 230 ವೋಲ್ಟ್, 5 ಆಂಪಿಯರ್ ಗುಣಿಸಿದರೆ 1,150 ವ್ಯಾಟ್. ಅಲ್ಲಿ 2,000 ವ್ಯಾಟಿನ ಗೀಸರ್ ಹಚ್ಚಿದರೆ ತಂತಿ ಕರಗುವುದು ಸಹಜ. ಬೇಸತ್ತು ದಪ್ಪ ತಂತಿ ಸುತ್ತಿದರೋ, ಫ್ಯೂಸ್ ಬದಲು ಗೋಡೆಯೊಳಗಿನ ವೈರೇ ಕಾದು ಉರಿಯುತ್ತದೆ.

ಅಜ್ಜ-ಅಜ್ಜಿಯರೇ, 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಮನೆ ವಿಮೆ ಇದೆ. ಬೆಂಕಿಯ ನಷ್ಟ ತುಂಬಿಕೊಡುತ್ತದೆ. ಆದರೆ ಶಾರ್ಟ್ ಸರ್ಕ್ಯೂಟ್ ಆದ ಟಿವಿಗೆ ಹಣವಿಲ್ಲ. ಅದರ ಬೆಂಕಿ ಹಬ್ಬಿ ಸುಟ್ಟ ಕಪಾಟಿಗೆ ಉಂಟು.

ವಿಮೆ ಸಾಮಾನು ತಂದೀತು, ಮೊಮ್ಮಗುವನ್ನಲ್ಲ. ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ವೈರಿಂಗ್ ತೋರಿಸಿ. ಮಕ್ಕಳೇ, ಫ್ಯೂಸ್ ನೋಡಿ, ಮುಟ್ಟಬೇಡಿ.